ಬೆಂಕಿಯ ಕೊಕ್ಕರೆ

ನಮ್ಮ ಅತ್ತೆಯ ತಲೆ ಕೆಟ್ಟಿದೆ ಎಂದು ಕುಷ್ಟಗಿಯಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಕೆಟ್ಟಿದ್ದರೆ ರಿಪೇರಿ ಮಾಡಿಸಬಹುದಿತ್ತು! ಅವಳ ತಲೆ ಗಟ್ಟಿ. ಅದಕ್ಕೆಲ್ಲಿದೆ ಮದ್ದು?

ಅತ್ತೆ ಎಂದರೆ ಅಪ್ಪನ ಅಕ್ಕ. ಯಲಬುರ್ಗಾದಲ್ಲಿ ಮಕ್ಕಳಿಗೆ ಚಿತ್ರ ಬರೆಯಲು ಕಲಿಸಿ, ನಿವೃತ್ತಳಾಗಿ ನಮ್ಮೂರಿಗೆ ಬಂದವಳು. ಒಂದು ವರ್ಷ ಮಳೆ ಚೆನ್ನಾಗಿ ಹೊಡೆದು ಕೆರೆ ತುಂಬಿತು. ಊರಿಗೆ ಊರೇ ಹೋಗಿ ನೀರು ನೋಡಿ ಕೈಮುಗಿದು ಬಂದಿತು. ಅತ್ತೆಯೂ ನೋಡಿ ಬಂದಳು. ಬಂದವಳೇ, "ಲೇ ತಮ್ಮಾ, ಆ ನೀರಿನ ಮ್ಯಾಲ ಬೆಂಕಿ ಹಚ್ಚಬೇಕಲೇ" ಎಂದಳು.

ನನ್ನ ಬಾಯಿಗೆ ಹೊರಟಿದ್ದ ಮಂಡಾಳ ಒಗ್ಗರಣೆ ಅಂಗಿಯ ಮೇಲೆ ಬಿತ್ತು.

ಅವಳ ಯೋಜನೆ ಹೀಗಿತ್ತು: ಕಬ್ಬಿಣದ ಸರಳು ಬಾಗಿಸಿ ಆಳೆತ್ತರದ ಕೊಕ್ಕರೆ ಮಾಡುವುದು, ಅದಕ್ಕೆ ಎಣ್ಣೆಯಲ್ಲಿ ನೆನೆಸಿದ ಹಳೆಯ ಧೋತರ ಸುತ್ತುವುದು, ಬಾಳೆದಿಂಡಿನ ತೆಪ್ಪದ ಮೇಲೆ ನಿಲ್ಲಿಸಿ ಸಂಜೆ ಹೊತ್ತಿಸುವುದು. ಮೇಲೊಂದು ಕೊಕ್ಕರೆ, ನೀರಿನಲ್ಲಿ ತಲೆಕೆಳಗಾಗಿ ಇನ್ನೊಂದು. ಊರೆಲ್ಲ ನೋಡಬೇಕು, ಉರಿದು ಮುಗಿಯಬೇಕು, ಅಷ್ಟೇ.

"ಅರ್ಧ ತಾಸಿನ್ಯಾಗ ಬೂದಿ ಆಗೂ ಚಿತ್ರಕ್ಕ ಇಷ್ಟ್ಯಾಕ ಒದ್ದಾಡ್ತಿ ಅತ್ತಿ?" ಎಂದೆ.

"ರೊಟ್ಟಿನೂ ಅರ್ಧ ತಾಸಿನ್ಯಾಗ ಮುಗೀತಾವ. ನಿಮ್ಮವ್ವ ಬಡಿಯೂದು ಬಿಟ್ಟಾಳೇನು?"

ನಾನು ಅಂಗಿಯ ಮೇಲೆ ಬಿದ್ದಿದ್ದ ಮಂಡಕ್ಕಿ ಒಂದೊಂದೇ ಹೆಕ್ಕಿ ತಿನ್ನತೊಡಗಿದೆ.

ಪರವಾನಗಿ ಕೇಳಲು ಪುರಸಭೆ ಕಚೇರಿಗೆ ನನ್ನನ್ನೂ ಎಳೆದುಕೊಂಡು ಹೋದಳು. ಅಧಿಕಾರಿ, ಪಾಪ, ಸಜ್ಜನ. "ಅಕ್ಕಾರ, ಬೆಂಕಿ ಅಂದ್ರ ಭಾಳ ಜವಾಬ್ದಾರಿ ಇರತೈತ್ರಿ. ಹೆಚ್ಚುಕಮ್ಮಿ ಆಗಿ ಹೊತ್ತಿಕೊಂಡ್ರ ಏನ್ ಮಾಡ್ತೀರಿ?"

"ಸಾಹೇಬ್ರ, ಸುತ್ತ ಕೆರಿ ಐತಲ್ರಿ! ಇನ್ನೆಷ್ಟು ನೀರು ಬೇಕ್ರಿ ನಿಮಗ?"

ಅವರು ದನಿ ತಗ್ಗಿಸಿ ಒಂದು ಉಪಾಯ ಹೇಳಿದರು: "ದೀಪೋತ್ಸವ ಅಂತ ಹೇಳಿಬಿಡ್ರಿ. ಯಾರೂ ಬ್ಯಾಡ ಅನ್ನಂಗಿಲ್ಲ."

"ದೇವರ ಹೆಸರು ಹೇಳಿ ಕೊಕ್ಕರಿ ಸುಡೂದಾ? ಪಾಪ ಹತ್ತತೈತ್ರಿ! ಇದು ಚಿತ್ರ. ಚಿತ್ರಕ್ಕ ಪರವಾನಗಿ ಕೊಡ್ರಿ."

ಕೊಡಲಿಲ್ಲ. ಅತ್ತೆ ಮರುದಿನದಿಂದ ಕಚೇರಿಯ ಬೆಂಚಿನ ಮೇಲೆ ಠಿಕಾಣಿ ಹೂಡಿ, ಎದುರು ಬಂದವರ ಚಿತ್ರ ಬರೆದು ಗೋಡೆಗೆ ಅಂಟಿಸತೊಡಗಿದಳು. ಗುಮಾಸ್ತರ ಮೂಗು ಗೋಡೆ ಏರಿತು. ಜವಾನನ ಮೀಸೆಯೂ ಏರಿತು. ಅಧಿಕಾರಿಗಳ ಬೋಳುತಲೆಗೆಂದು ಅವಳು ಪೆನ್ಸಿಲ್ ಚೂಪು ಮಾಡುತ್ತಿರುವಾಗಲೇ ಪರವಾನಗಿ ಹೊರಬಿತ್ತು! ಬೆಂಕಿ ಆರಿಸುವ ಗಾಡಿ ದಂಡೆಯ ಮೇಲೆ ನಿಂತಿರಬೇಕು ಎಂಬುದೊಂದೇ ಷರತ್ತು.

ಗಂಗಾವತಿ ಕಡೆಯಿಂದ ಟೆಂಪೋದಲ್ಲಿ ಬಾಳೆದಿಂಡು ಬಂದವು. ಮೊದಲು ಹಿತ್ತಲಿನ ನೀರಿನ ತೊಟ್ಟಿಯಲ್ಲಿ ಒಂದು ಮರಿ ಕೊಕ್ಕರೆಯ ಪ್ರಯೋಗ. ಅದು ಹೊತ್ತಿಕೊಂಡಿತು, ವಾಲಿತು, ಮುಳುಗಿತು. ಎದ್ದ ಹೊಗೆ ಮಾತ್ರ ಗೋಡೆ ಹಾರಿ ಪಕ್ಕದ ಮನೆಯ ಹಗ್ಗಕ್ಕೆ ಹೋಯಿತು.

"ಅಕ್ಕಾರ, ನನ್ನ ಬಿಳಿ ಅಂಗಿ ಕರ್ರಗಾತ್ರಿ!" ಎಂದು ಪಕ್ಕದವರು ಕೂಗಿದರು.

"ಅಂಗಿ ಇರ್ಲಿ. ಹಳೇ ಧೋತರ ಅದಾವೇನು ನೋಡ್ರಿ, ಕೊಕ್ಕರಿಗೆ ಸಾಲವಲ್ವು!"

ಅವರು ತಂದುಕೊಟ್ಟರು ಎಂದರೆ ನಂಬುತ್ತೀರಾ?

ಕೊನೆಗೆ ಆ ಸಂಜೆ ಬಂತು. ತೆಪ್ಪ ಈ ಸಲ ಅಗಲವಾಗಿತ್ತು, ವಾಲಲಿಲ್ಲ. ಹೊತ್ತು ಮುಳುಗಿ ನೀರು ಕಪ್ಪಾಗುತ್ತಿದ್ದಂತೆ ಕಾಲಿನಿಂದ ಕೊಕ್ಕಿನವರೆಗೆ ಬೆಂಕಿ ಏರಿತು. ಕೆರೆಯಲ್ಲಿ ಎರಡು ಕೊಕ್ಕರೆಗಳು ಕಾಲಿಗೆ ಕಾಲು ಹಚ್ಚಿ ನಿಂತವು. ಬೆಂಕಿ ಆರಿಸಲು ಬಂದವರು ತಮ್ಮ ಗಾಡಿಯ ಮೇಲೇರಿ ಕುಳಿತು ನೋಡಿದರು.

ಮಾವನ ಸುದ್ದಿಯನ್ನೇ ನಾನು ಎತ್ತಲಿಲ್ಲ, ಅಲ್ಲವೇ? ಅತ್ತೆ ಬರೆದ ಚಿತ್ರವನ್ನು ಮೊದಲು ನೋಡಿ ತಪ್ಪು ಹುಡುಕುವುದು ಅವಳ ಗಂಡನ ಖಾಯಂ ಕೆಲಸವಾಗಿತ್ತು. ಅದಕ್ಕಾಗಿ ಸಂಸಾರವಿಡೀ ಜಗಳ. ಆಮೇಲೆ ಮಾವನ ಕಣ್ಣು ಹೋಗುತ್ತಾ ಬಂದು, ಕತ್ತಲಲ್ಲಿ ಉರಿಯುವ ಬೆಳಕಷ್ಟೇ ಕಾಣುವಂತಾಯಿತು. ಅಂದಿನಿಂದ ಯಾವ ಹಾಳೆ ಹಿಡಿದರೂ ಅವರದು ಒಂದೇ ಮಾತು: "ಛಲೋ ಐತಿ." ಆ ಹೊಗಳಿಕೆ ಕೇಳಿದ ದಿನ ಅತ್ತೆಗೆ ಅನ್ನ ಸೇರುತ್ತಿರಲಿಲ್ಲ.

ದಂಡೆಯಲ್ಲಿ ಕುರ್ಚಿ ಹಾಕಿ ಮಾವನನ್ನು ಕೂರಿಸಿದ್ದೆವು. ಅತ್ತೆ ಪಕ್ಕದಲ್ಲಿ ಅವರ ಮುಖವನ್ನೇ ನೋಡುತ್ತಾ ನಿಂತಿದ್ದಳು. ಮಾವ ಮುಖವನ್ನು ಮೆಲ್ಲಗೆ ಅತ್ತಿತ್ತ ಆಡಿಸಿ, ಬಹಳ ಹೊತ್ತು ನೋಡಿ, ಹುಬ್ಬು ಗಂಟಿಕ್ಕಿದರು.

"ಕೊಕ್ಕರಿ ಏನಿದು? ಕುತ್ತಿಗಿ ಭಾಳ ಉದ್ದ ಆತು ನೋಡ."

ಅತ್ತೆ ಅಲ್ಲೇ ಮಣ್ಣಿನಲ್ಲಿ ಕುಳಿತಳು. ಸೆರಗಿನಿಂದ ಕಣ್ಣೊತ್ತಿಕೊಂಡು, ಮಾವನ ಮೊಣಕಾಲಿಗೆ ತಲೆ ಆನಿಸಿ ಕೇಳಿದಳು:

"ಮತ್ತ ಏನೇನ್ ತಪ್ಪೈತಿ, ಹೇಳ್ರಿ."