ಗುಳಿಕಕಾಲದಲ್ಲಿ ಓವರ್‌ಕ್ಲಾಕ್

ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಕೊಂಡೋನಿಗೆ ಮನೇಲಿ ಟಿ.ವಿ. ಬೇಕಾಗಲ್ಲ, ಅಂಗಡೀಲೇ ದಿನಕ್ಕೊಂದು ತಮಾಷೆ ಆಗ್ತಾನೇ ಇರುತ್ತೆ. ಶಂಕರಪುರಂನಲ್ಲಿ ನನ್ನದೊಂದು ಅಂಗಡಿ ಇದೆ. ಒಳಗೆ ಇಬ್ಬರು ನಿಂತ್ರೆ ಮೂರನೆಯವರು ಫುಟ್‌ಪಾತಲ್ಲಿ. ಅಲ್ಲಿ ಕೂತು ನಾನು ಕಲಿತ ಪಾಠ ಒಂದೇ: ಕೆಡೋದು ಮಿಷನ್ ಅಲ್ಲ, ಅದರ ಸುತ್ತ ಇರೋ ಜನ. ವೈರಸ್ ಬಂದಿದೆ ಅಂತ ಕೀಬೋರ್ಡಿಗೆ ಅರಿಶಿನದ ನೀರು ಚಿಮುಕಿಸಿದೋರನ್ನ ನೋಡಿದೀನಿ. ಆದ್ರೆ ನಮ್ಮ ಬೀದಿ ಜೋಯಿಸರ ಕಂಪ್ಯೂಟರ್ ಒಂದು ಆಷಾಢದಲ್ಲಿ ನನ್ನ ಮದುವೇನೇ ಮುರಿಯೋಕೆ ಹೊರಟಿತ್ತಲ್ಲ, ಅದರ ಮುಂದೆ ಅದೆಲ್ಲ ಜುಜುಬಿ.

ಆಗ ನನಗೆ ಮೂವತ್ನಾಲ್ಕು. ಆಷಾಢಕ್ಕೆ ಮುಂಚೆ ಮಲ್ಲೇಶ್ವರದಲ್ಲಿ ಒಂದು ಹುಡುಗಿ ನೋಡಿ ಬಂದಿದ್ದೆ. ಅದಕ್ಕೆ ಹಿಂದೆ ಎಷ್ಟು ನೋಡಿದ್ದೆ ಅಂತ ಕೇಳಬೇಡಿ. ಉಪ್ಪಿಟ್ಟು ಮುಗಿದ ಮೇಲೆ ಆ ಹುಡುಗಿ, "ನಮ್ಮ ಪ್ರಿಂಟರ್ ಪೇಪರ್ ನುಂಗುತ್ತೆ, ಸ್ವಲ್ಪ ನೋಡ್ತೀರಾ?" ಅಂದ್ಳು. ಬಿಚ್ಚಿ ನೋಡಿದೆ. ಒಳಗಿಂದ ನನಗಿಂತ ಮುಂಚೆ ಬಂದಿದ್ದ ಹುಡುಗನ ಬಯೋಡೇಟಾ ಚಿಂದಿ ಚಿಂದಿಯಾಗಿ ಹೊರಗೆ ಬಂತು. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಮುಗೀತು, ನಾನು ಬಿದ್ದೋದೆ.

ನಮ್ಮಮ್ಮನ ಷರತ್ತು ಒಂದೇ. ಜೋಯಿಸರು ಇಬ್ಬರ ಜಾತಕಾನೂ ಕೂಡಿಸಿ ನೋಡಿ ಹೂಂ ಅನ್ನಬೇಕು. ಹುಡುಗಿ ಅಪ್ಪನಿಗೂ ಅವಸರ. ಬ್ಯಾಂಕ್ ಕೆಲಸದ ಇನ್ನೊಬ್ಬ ಕ್ಯೂನಲ್ಲಿದ್ದ. "ಆಷಾಢದ ಕೊನೇ ಭಾನುವಾರದೊಳಗೆ ಒಂದು ಮಾತು ಹೇಳ್ಬಿಡಿ" ಅಂದಿದ್ರು. ಅಮ್ಮ ಜೋಯಿಸರ ಮನೆಗೆ ಓಡಿದ್ರೆ ಅವರು, "ಕಂಪ್ಯೂಟರ್ ಬಲು ಮಂದ ಕಣಮ್ಮ. ಮೊದಲು ನಿನ್ನ ಮಗನ್ನ ಕಳ್ಸು, ಆಮೇಲೆ ನಿನ್ನ ಮಗನ ಜಾತಕ ತಾ" ಅಂದ್ರಂತೆ.

ಆಯುಸ್ಸು

ಜೋಯಿಸರ ಕಂಪ್ಯೂಟರ್ ಹಳೇದು, ಆದ್ರೆ ಗಟ್ಟಿ. "ಒಂದು ಜಾತಕ ಹೊರಗೆ ಬರೋಷ್ಟರಲ್ಲಿ ಬಂದೋರು ಎರಡು ಸಲ ಕಾಫಿ ಕುಡೀತಾರೆ. ನಮ್ಮಮ್ಮ ಡಿಕಾಕ್ಷನ್ ಹಾಕಿ ಹಾಕಿ ಸುಸ್ತಾಗಿದಾಳೆ. ಶ್ರಾವಣ ಬಂತು ಅಂದ್ರೆ ಜನ ಮುಗಿಬೀಳ್ತಾರೆ. ಅದೇನೋ ಓವರ್‌ಕ್ಲಾಕ್ ಅಂತ ಮಾಡ್ತಾರಂತಲ್ಲ, ಮಾಡು" ಅಂದ್ರು.

ಓವರ್‌ಕ್ಲಾಕ್ ಅಂದ್ರೆ ಇಷ್ಟೇ. ಕಂಪ್ಯೂಟರ್‌ನ ಮೆದುಳಿಗೆ ಪ್ರೊಸೆಸರ್ ಅಂತಾರೆ. ಕಂಪನಿಯವರು ಇಷ್ಟು ವೇಗ ಸಾಕು ಅಂತ ಹಗ್ಗ ಕಟ್ಟಿ ಕಳ್ಸಿರ್ತಾರೆ, ನಾವು ಹಗ್ಗ ಸಡಿಲ ಮಾಡಿ ಜೋರಾಗಿ ಓಡಿಸ್ತೀವಿ. ಓಡಿದ್ರೆ ಬಿಸಿ ಆಗುತ್ತೆ, ಬಿಸಿ ಮಿತಿ ಮೀರಿದ್ರೆ ಅದೇ ಹೆದರ್ಕೊಂಡು ನಿಧಾನ ಆಗ್ಬಿಡುತ್ತೆ. ಜೋಯಿಸರದ್ದು ಮೂರು ಪಾಯಿಂಟ್ ಐದು ಗಿಗಾಹರ್ಟ್ಜ್ ವೇಗದಲ್ಲಿ ಓಡ್ತಿತ್ತು.

"ನಾಲ್ಕು ಪಾಯಿಂಟ್ ಐದಕ್ಕೆ ಏರ್ಸು. ನಾಲ್ಕು, ಐದು ಕೂಡಿದ್ರೆ ಒಂಬತ್ತು. ನಂಗೆ ಒಂಬತ್ತು ಆಗಿಬರುತ್ತೆ."

"ಒಂದೇ ಸಲ ಬೇಡ ಸ್ವಾಮಿ. ಮೊದಲು ಮೂರು ಪಾಯಿಂಟ್ ಎಂಟು ನೋಡೋಣ."

"ಹನ್ನೊಂದು. ಅಂದ್ರೆ ಎರಡು. ಎರಡಂದ್ರೆ ಚಂದ್ರ. ಮನಸ್ಸು ಚಂಚಲ ಆಗುತ್ತೆ. ಬೇಡ."

"ತೀರಾ ಓಡಿಸಿದ್ರೆ ಪ್ರೊಸೆಸರ್ ಆಯುಸ್ಸು ಕಮ್ಮಿ ಆಗುತ್ತೆ" ಅಂತ ಹೆದರಿಸಿದೆ. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನನ್ನೇ ನೋಡಿದ್ರು.

"ಆಯುಸ್ಸಿನ ವಿಷಯ ನೀನು ನಂಗೆ ಹೇಳ್ತೀಯೇನಯ್ಯಾ? ಅಂಗಡಿ ಬಿಲ್ಲಲ್ಲಿ ಟೈಮಿತ್ತು, ತಂದ ದಿನಾನೇ ಇದರ ಜಾತಕ ಹಾಕಿದೀನಿ. ದೀರ್ಘಾಯುಷಿ. ಸಂತಾನಯೋಗ ಬೇರೆ ಇದೆ."

ಮತ್ತೆ ಮತ್ತೆ

ಬುಧವಾರ ಬೆಳಿಗ್ಗೆ ಎಂಟಕ್ಕೇ ಹೋದೆ. ಯಮಗಂಡ, ಮುಟ್ಟಬೇಡ ಅಂದ್ರು. ಒಂಬತ್ತಕ್ಕೆ ಯಮಗಂಡ ಎದ್ದು ಹೋದ, ಜೋಯಿಸರು ಪೂಜೆಗೆ ಕೂತ್ರು. ಹತ್ತೂವರೆಗೆ ಗಂಟೆ ಅಲ್ಲಾಡಿಸ್ತಾನೇ ಹೊರಗೆ ಬಂದು, "ಈಗ ಗುಳಿಕಕಾಲ. ಪ್ರಶಸ್ತ. ಗುಳಿಕದಲ್ಲಿ ಮಾಡಿದ್ದು ಮತ್ತೆ ಮತ್ತೆ ಆಗ್ತಾ ಇರುತ್ತೆ. ಚಿನ್ನ ತಗೊಂಡ್ರೆ ಮತ್ತೆ ಚಿನ್ನ. ಹೂಂ, ಏರ್ಸು" ಅಂದ್ರು.

ನಾಲ್ಕು ಪಾಯಿಂಟ್ ಐದು ಅಂತ ಹಾಕಿ ರೀಸ್ಟಾರ್ಟ್ ಮಾಡಿದೆ. ಕಂಪ್ಯೂಟರ್ ಆನ್ ಆಯ್ತು, ಆಫ್ ಆಯ್ತು. ಆನ್ ಆಯ್ತು, ಆಫ್ ಆಯ್ತು. ವೇಗ ತಾಳಲಾರದೆ ತನ್ನಷ್ಟಕ್ಕೆ ತಾನೇ ಸತ್ತು ಹುಟ್ಟಿ ಸತ್ತು ಹುಟ್ಟಿ ಮಾಡ್ತಾ ಇತ್ತು. ನನಗೆ ಬೆವರು. ಜೋಯಿಸರ ಮುಖದಲ್ಲಿ ಮಾತ್ರ ಏನು ಕಳೆ ಅಂತೀರಿ!

"ನೋಡಿದ್ಯಾ? ಮತ್ತೆ ಮತ್ತೆ! ಶಾಸ್ತ್ರ ಸುಳ್ಳಾಡುತ್ತೇನಯ್ಯಾ?"

ಇಂಥ ಹೊತ್ತಲ್ಲಿ ಒಂದೇ ದಾರಿ. ಒಳಗೆ ನಾಣ್ಯದಂಥ ಚಿಕ್ಕ ಬ್ಯಾಟರಿ ಇರುತ್ತೆ. ಅದನ್ನ ಕಿತ್ತು ಹಾಕಿದ್ರೆ ಮಿಷನ್ ಮಾಡಿದ ಸೆಟ್ಟಿಂಗನ್ನೆಲ್ಲ ಮರೆತು ಕಂಪನಿಯಿಂದ ಬಂದ ಸ್ಥಿತಿಗೆ ಹೋಗುತ್ತೆ. ಇವತ್ತು ಯಾವ ತಾರೀಖು ಅನ್ನೋದನ್ನೂ ಮರೆಯುತ್ತೆ, ಅದನ್ನ ನಾವೇ ತುಂಬಬೇಕು. ಇಂಟರ್ನೆಟ್ ಇದ್ರೆ ತಾನೇ ತಿದ್ದಿಕೊಳ್ಳುತ್ತೆ, ಆದ್ರೆ ಜೋಯಿಸರು ಹಾಕಿಸಿರಲಿಲ್ಲ. ಯಾರಾದ್ರೂ ನುಗ್ಗಿ ಬೇರೆಯವರ ಗುರುಬಲ ಕದ್ದರೆ ಅಂತ ಭಯ. ಬ್ಯಾಟರಿ ಕಿತ್ತೆ, ಹಾಕಿದೆ, ಮಿಷನ್ ಎದ್ದು ಕೂತಿತು. ತಾರೀಖು ತುಂಬೋಣ ಅನ್ನೋಷ್ಟರಲ್ಲಿ ಜೋಯಿಸರು, "ಹನ್ನೆರಡಕ್ಕೆ ಐದು ನಿಮಿಷ! ರಾಹುಕಾಲ! ಏಳು ಏಳು ಏಳು!" ಅಂತ ನನ್ನ ರಟ್ಟೆ ಹಿಡಿದು ಎಬ್ಬಿಸಿದ್ರು.

ತಾರೀಖು ತುಂಬಲಿಲ್ಲ. ಇದನ್ನ ಸ್ವಲ್ಪ ನೆನಪಲ್ಲಿ ಇಟ್ಕೊಳ್ಳಿ. ನಾನು ಇಟ್ಕೊಳ್ಳಲಿಲ್ಲ.

ಹೆಪ್ಪು

ಶುಕ್ರವಾರ ಮತ್ತೆ ಕರೆ ಬಂತು. ನಾಲ್ಕು ಪಾಯಿಂಟ್ ಎರಡಕ್ಕೆ ಜೋಯಿಸರು ಒಪ್ಪಿದ್ರು. ಕೂಡಿದ್ರೆ ಆರು, ಆರು ಶುಕ್ರನದ್ದು, ಇವತ್ತು ಶುಕ್ರವಾರ, ನಡೆಯುತ್ತೆ ಅಂತ. ಏರಿಸಿದೆ. ಮಿಷನ್ ಹಾರಿತು! ಖುಷಿಯಾಗಿ ಅಂಗಡಿಗೆ ಬಂದು ಬೀಗ ತೆಗೀತಿದೀನಿ, ಫೋನು. "ಮತ್ತೆ ಮಂದ."

ಹೋದೆ, ಚೆನ್ನಾಗಿ ಓಡ್ತಿತ್ತು. ಬಂದೆ, ಫೋನು. ಫ್ಯಾನ್ ಬಿಚ್ಚಿ ಧೂಳು ಹೊಡೆದೆ, ಪ್ರೊಸೆಸರ್ ಮೇಲೆ ಬಿಸಿ ಎಳೆಯೋ ಹೊಸ ಪೇಸ್ಟ್ ಬಳಿದೆ. ನಾನಿದ್ರೆ ಓಡುತ್ತೆ, ನಾನು ಬಾಗಿಲು ದಾಟಿದ್ರೆ ಮಲಗುತ್ತೆ. ಜೋಯಿಸರು ಆಗಲೇ ನನಗೂ ಅದಕ್ಕೂ ಪೂರ್ವಜನ್ಮದ ಋಣ ಅಂತ ಶುರು ಮಾಡಿದ್ರು. ನಾಲ್ಕನೇ ಸಲ ಹೇಳದೆ ಕೇಳದೆ ನುಗ್ಗಿದೆ.

ಕಂಪ್ಯೂಟರ್ ಕ್ಯಾಬಿನೆಟ್ ತಲೆ ಮೇಲೆ, ಬಿಸಿಗಾಳಿ ಹೊರಗೆ ಹೋಗೋ ಜಾಲರಿ ಮುಚ್ಚಿಕೊಂಡು, ಟರ್ಕಿ ಟವೆಲ್ ಸುತ್ತಿದ ಒಂದು ಸ್ಟೀಲ್ ಪಾತ್ರೆ ಕೂತಿತ್ತು. ಪಕ್ಕದಲ್ಲಿ ಜೋಯಿಸರ ತಾಯಿ.

"ಅಜ್ಜಿ! ಏನಿದು?"

"ಮೊಸರು ಕಣೋ. ಆಷಾಢದ ಗಾಳಿಗೆ ಎಲ್ಲಿಟ್ರೂ ಹೆಪ್ಪಾಗಲ್ಲ. ಇದರ ಮೇಲಿಟ್ರೆ ಮಧ್ಯಾಹ್ನದೊಳಗೆ ಗಡ್ಡೆ ಮೊಸರು."

"ನಾನು ಬಂದಾಗ ಇರ್ತಿರಲಿಲ್ಲ?"

"ಪಾಪ, ಏನೋ ದೊಡ್ಡ ಕೆಲಸ ಮಾಡೋಕೆ ಬಂದಿರ್ತೀಯ, ನಿಂಗ್ಯಾಕೆ ಅಡ್ಡ ಅಂತ ತೆಗೆದಿಡ್ತಿದ್ದೆ."

ಪಾತ್ರೆ ಕೆಳಗಿಡಿ, ಅದಕ್ಕೇ ಮಿಷನ್ ಕುದ್ದು ನಿಧಾನ ಆಗ್ತಿದೆ ಅಂತ ಕೈ ಮುಗಿದು ಹೇಳಿದೆ. ಅಜ್ಜಿ ಜಗ್ಗಲಿಲ್ಲ. "ಈ ಮನೇಲಿ ಅದು ಮಾಡೋ ಉಪಯೋಗದ ಕೆಲಸ ಇದೊಂದೇ" ಅಂದ್ರು.

ಊರಿನ ಶನಿಯನ್ನೆಲ್ಲ ಬಿಡಿಸೋ ಜೋಯಿಸರು ತಮ್ಮ ಅಮ್ಮನಿಗೆ ಕೇಳಿಸದ ಹಾಗೆ ನನ್ನ ಕಿವಿ ಹತ್ರ ಬಂದು, "ಪಾತ್ರೆ ಇದ್ದೂ ಓಡೋ ಅಂಥದ್ದೇನಾದ್ರೂ ನೋಡಪ್ಪ" ಅಂದ್ರು. ಒಂದೊಂದೇ ಇಳಿಸ್ತಾ ಬಂದೆ. ಮೊಸರು ಹೊತ್ಕೊಂಡು ಅದು ಕಡೆಗೆ ನಿಂತಿದ್ದು ಮೂರು ಪಾಯಿಂಟ್ ಆರರಲ್ಲಿ. ಎರಡು ದಿನದ ಒದ್ದಾಟಕ್ಕೆ ಏರಿದ್ದು ಬರೀ ಸೊನ್ನೆ ಪಾಯಿಂಟ್ ಒಂದು. ನಾಚಿಕೆಯಿಂದ ತಲೆ ಎತ್ತಲಿಲ್ಲ ನಾನು.

ಜೋಯಿಸರು ಕಣ್ಣು ಮುಚ್ಚಿ ಬೆರಳು ಮಡಿಸಿದ್ರು. "ಮೂರು... ಆರು... ಒಂಬತ್ತು! ನಾನು ಹೇಳಿರಲಿಲ್ವಾ, ಕೊನೆಗೆ ಒಂಬತ್ತೇ ಆಗೋದು!"

ಹದಿಮೂರು ವರ್ಷ

ಶನಿವಾರ ಮಧ್ಯಾಹ್ನ ಅಮ್ಮ ಅಂಗಡಿಗೆ ಬಂದ್ಳು. ಕೈಯಲ್ಲಿ ಇಬ್ಬರ ಜಾತಕ ಕೂಡಿಸಿದ ಹಾಳೆ, ಕಣ್ಣಲ್ಲಿ ನೀರು. ಗಿರಾಕಿ ಎದುರಿಗೇ, "ನಿಂಗೆ ಇನ್ನೂ ಹದಿಮೂರು ವರ್ಷ ಮದುವೆ ಯೋಗ ಇಲ್ವಂತೆ ಕಣೋ" ಅಂತ ಗೋಳೋ ಅಂದ್ಳು. "ನಲವತ್ತೇಳು ಆಗುತ್ತಲ್ಲೋ ನಿಂಗೆ! ಆ ಹುಡುಗಿ ಮನೆಯವರಿಗೆ ಬೇಡ ಅಂತ ಫೋನ್ ಮಾಡ್ಬಿಡ್ತೀನಿ."

 ಪ್ರಿಂಟರ್ ಮುಂದೆ ನಕ್ಕ ಆ ಮುಖ ಕಣ್ಮುಂದೆ ಬಂತು, ಬ್ಯಾಂಕಿನೋನ ಮುಖಾನೂ ಬಂತು. ಹಾಳೆ ಕಿತ್ಕೊಂಡು ನೋಡಿದೆ. "ವರನ ವಯಸ್ಸು ಇಪ್ಪತ್ತೊಂದು" ಅಂತಿತ್ತು. ಮೇಲೆ ಮೂಲೇಲಿ ತಾರೀಖು: ಜನವರಿ ಒಂದು, ಹದಿಮೂರು ವರ್ಷದ ಹಿಂದಿನದ್ದು.

ಅಯ್ಯೋ ನನ್ನ ಕರ್ಮವೇ. ಬುಧವಾರ ನಾನು ಬ್ಯಾಟರಿ ಕಿತ್ತಾಗ ಮಿಷನ್ ಹದಿಮೂರು ವರ್ಷ ಹಿಂದಕ್ಕೆ ಹೋಗಿ ಕೂತಿತ್ತು. ಅಲ್ಲಿ ಕೂತು ನೋಡಿದ್ರೆ ನನ್ನ ಮದುವೆಗೆ ಹದಿಮೂರು ವರ್ಷ ಬಾಕಿ, ಸರಿಯಾಗೇ ಇದೆ. ಅಂದ್ರೆ ಆ ಯೋಗ ಇರೋದು ಈಗಲೇ!

ಹೇಳಿದ್ರೆ ನನ್ನ ಅಂಗಡಿ ಮಾನ ಹೋಗುತ್ತೆ, ಹೇಳದಿದ್ರೆ ಹುಡುಗಿ ಹೋಗ್ತಾಳೆ. "ಫೋನ್ ಮಾಡ್ಬೇಡ, ಒಂದು ಗಂಟೆ ಇರು" ಅಂತ ಅಮ್ಮನ್ನ ಅಲ್ಲೇ ಸ್ಟೂಲ್ ಮೇಲೆ ಕೂರಿಸಿ ಜೋಯಿಸರ ಮನೆಗೆ ಓಡಿ, ಒಂದೇ ಉಸಿರಿಗೆ ತಪ್ಪೊಪ್ಪಿಕೊಂಡೆ.

ಜೋಯಿಸರ ಮುಖ ಬಿಳಿಚಿಕೊಂಡಿತು. "ಬುಧವಾರದಿಂದ ಎಂಟು ಜನಕ್ಕೆ ಜಾತಕ ಕೊಟ್ಟಿದೀನಲ್ಲೋ! ಒಬ್ಬನಿಗೆ ಶನಿ ಬಿಟ್ಟಿತು ಅಂದೆ, ಅವನು ಬಂದು ಕಾಲಿಗೆ ಬಿದ್ದು ಒಂದು ಬುಟ್ಟಿ ಮಾವಿನಹಣ್ಣು ಇಟ್ಟು ಹೋದ." ಎದ್ದು ಬಾಗಿಲು ಮುಂದೆ ಮಾಡಿ, "ಯಾರಿಗಾದ್ರೂ ಹೇಳಿದ್ಯಾ?" ಅಂದ್ರು. ಇಲ್ಲ ಅಂದೆ. "ಹಾಗಾದ್ರೆ ನಿಮ್ಮಮ್ಮನಿಗೆ ಹೇಳು, ಪರಿಹಾರ ಇದೆ. ಬ್ಯಾಟರಿ ದಾನ."

ಆಷಾಢದ ಆ ಕೊನೇ ಭಾನುವಾರ ಬೆಳಿಗ್ಗೆ ಅಮ್ಮ ಮಡಿ ಸೀರೆ ಉಟ್ಟು, ಬೆಳ್ಳಿ ತಟ್ಟೇಲಿ ವೀಳ್ಯದೆಲೆ ಅಡಿಕೆ ಇಟ್ಟು, ಅದರ ಮೇಲೆ ನನ್ನ ಅಂಗಡಿಯದ್ದೇ ಒಂದು ಹೊಸ ಬ್ಯಾಟರಿ ಇಟ್ಟು ಹಿಡ್ಕೊಂಡು ಬಂದ್ಳು. ಅವಳ ಶ್ರದ್ಧೆ ನೋಡಿ ನನಗೆ ನಿಜವಾಗಲೂ ಪಾಪ ಅನ್ನಿಸ್ತು, ಆದ್ರೆ ಮಲ್ಲೇಶ್ವರ ಅದಕ್ಕಿಂತ ದೊಡ್ಡದಾಗಿ ಕಾಣ್ತಿತ್ತು. ಜೋಯಿಸರು ಮಂತ್ರ ಹೇಳ್ತಿದ್ದಂಗೆ ನಾನು ಕ್ಯಾಬಿನೆಟ್ ಪಕ್ಕ ಬಿಚ್ಚಿ ಬ್ಯಾಟರಿ ಹಾಕಿದೆ. "ಮೆಲ್ಲಗೆ ಕಣೋ, ಮೊಸರು ಅಲ್ಲಾಡುತ್ತೆ" ಅಂದ್ರು ಅಜ್ಜಿ. ಈ ಸಲ ತಾರೀಖು ತುಂಬಿದೆ. ಮೂರು ಸಲ ನೋಡಿ ತುಂಬಿದೆ. ಹೊಸ ಹಾಳೆ ಬಂತು: ವಿವಾಹಯೋಗ, ಈಗಲೇ. ಅಮ್ಮ ಕಂಪ್ಯೂಟರ್‌ಗೇ ಅಡ್ಡಬಿದ್ದು, ಅಲ್ಲಿಂದಲೇ ಹುಡುಗಿ ಮನೆಗೆ ಹೂಂ ಅಂತ ಫೋನ್ ಮಾಡಿದ್ಳು.

ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಸಿ ಶ್ರಾವಣದಲ್ಲೇ ಮದುವೆ ಮುಗಿಸಿದ್ವಿ. ಹದಿಮೂರು ವರ್ಷದ ದೋಷ ಒಂದು ಬ್ಯಾಟರಿಗೆ ಹೋಯ್ತು ಅಂತ ಅಮ್ಮ ಚಾಮರಾಜಪೇಟೆವರೆಗೂ ಸಾರಿಬಿಟ್ಟಿದ್ಲು. ಇವತ್ತಿಗೂ ಮಕ್ಕಳ ಮದುವೆ ಆಗದ ತಾಯಂದಿರು ಅಂಗಡಿಗೆ ಬಂದು, "ಆ ಮದುವೆ ಬ್ಯಾಟರಿ ಒಂದು ಕೊಡಪ್ಪ" ಅಂತಾರೆ. ಒಬ್ಬರಂತೂ, "ನಮ್ಮನೇಲಿ ಕಂಪ್ಯೂಟರ್ ಇಲ್ಲ. ಗಡಿಯಾರಕ್ಕೆ ಹಾಕಿದ್ರೆ ನಿಶ್ಚಿತಾರ್ಥನಾದ್ರೂ ಆಗುತ್ತಾ?" ಅಂದ್ರು.

ಮದುವೆ ಆಗಿ ಒಂದು ತಿಂಗಳಿಗೆ ಮನಸ್ಸು ತಡೀಲಿಲ್ಲ, ಹೆಂಡತಿಗೆ ನಿಜ ಹೇಳಿಬಿಟ್ಟೆ. ಬೀರುವಿನಲ್ಲಿ ಬಚ್ಚಿಟ್ಟಿದ್ದ ಮೊದಲನೇ ಹಾಳೇನೂ ತೋರಿಸಿದೆ. ಇನ್ನೇನು, ಮೋಸಗಾರ ಅಂತಾಳೆ, ಅಪ್ಪನಿಗೆ ಫೋನ್ ಮಾಡ್ತಾಳೆ ಅಂತ ಕಾಯ್ತಾ ಕೂತೆ. ಮೇಲಿಂದ ಕೆಳಗಿನವರೆಗೆ ಓದಿದ್ಳು. ಓದ್ತಾ ಓದ್ತಾ ಒಂದು ಕಡೆ ಅವಳ ಬೆರಳು ನಿಂತಿತು: "ಕನ್ಯೆಯ ವಯಸ್ಸು ಹದಿನೆಂಟು."

ಅವಳಿಗೆ ಮೂವತ್ತೊಂದು. ಹಾಳೆನ ನೀಟಾಗಿ ನನ್ನ ಕೈಗಿಟ್ಟು ಹೇಳಿದ್ಳು:

"ಇದ್ರಲ್ಲಿ ತಪ್ಪೇನಿದೆ ರೀ? ನಾಳೆ ಅಂಗಡೀಲಿ ಲ್ಯಾಮಿನೇಟ್ ಮಾಡಿಸ್ಕೊಂಡು ಬನ್ನಿ."