ಮಾತಿಗೆ ಲೈಸೆನ್ಸ್ ಪಡೆದ ಚಿಕ್ಕಪ್ಪ

ನಮ್ಮ ವಂಶದಲ್ಲಿ ಮಾತನಾಡುವುದಕ್ಕೆ ಸರ್ಕಾರದಿಂದ ಲೈಸೆನ್ಸ್ ಪಡೆದವರು ನಮ್ಮ ಚಿಕ್ಕಪ್ಪ ಒಬ್ಬರೇ. ಉಳಿದ ನಾವೆಲ್ಲ ಇವತ್ತಿಗೂ ಲೈಸೆನ್ಸಿಲ್ಲದೆ ಮಾತನಾಡುತ್ತಿದ್ದೇವೆ, ಅದೂ ಅಗತ್ಯಕ್ಕಿಂತ ಹೆಚ್ಚು!

ಎಂಬತ್ತರ ದಶಕದಲ್ಲಿ ನಾನು ಕಾಲೇಜಿಗೆಂದು ದಾವಣಗೆರೆಯ ವಿನೋಬನಗರದಲ್ಲಿ ಅವರ ಮನೆಯಲ್ಲಿದ್ದೆ. ಹತ್ತಿ ಗಿರಣಿಯೊಂದರ ಕಚೇರಿಯಲ್ಲಿ ಅವರು ಗುಮಾಸ್ತರು. ನಿಯಮವೆಂದರೆ ಪ್ರಾಣ. ಅಂಚೆ ಕಚೇರಿಯ ಕಿಟಕಿಯ ಮುಂದೆ ನರಪಿಳ್ಳೆ ಇಲ್ಲದಿದ್ದರೂ ಸಾಲಿನ ಕೊನೆ ಎಲ್ಲಿರಬೇಕಿತ್ತೋ ಅಲ್ಲಿ ನಿಂತು, ಹೆಜ್ಜೆ ಹೆಜ್ಜೆಯಾಗಿ ಮುಂದೆ ಬರುವ ಮನುಷ್ಯ. ಇಂಥವರಿಗೆ ಯಾವುದೋ ಪತ್ರಿಕೆ ಓದಿ ಹವ್ಯಾಸಿ ರೇಡಿಯೊದ ಹುಚ್ಚು ಹಿಡಿಯಿತು. ತಂತಿಯಿಲ್ಲದೆ, ಟ್ರಂಕ್ ಕಾಲ್ ಇಲ್ಲದೆ ಮನೆಯ ತಾರಸಿಯಿಂದಲೇ ಬೇರೆ ಊರಿನವರ ಜೊತೆ ಮಾತನಾಡಬಹುದು. ಆದರೆ ಅದಕ್ಕೊಂದು ಪರೀಕ್ಷೆಯಿದೆ, ನಿಯಮಗಳ ದಪ್ಪ ಪುಸ್ತಕವಿದೆ. ಇನ್ನೇನು ಬೇಕು ಅವರಿಗೆ?

ಪರೀಕ್ಷೆಗೆ ಮೋರ್ಸ್ ಕಲಿಯಬೇಕಿತ್ತು, ಅಂದರೆ ತಂತಿ ಕಚೇರಿಯ ಆ ಕಟಕಟ ಭಾಷೆ. ಚಿಕ್ಕಪ್ಪ ಕಂಡಕಂಡಲ್ಲಿ ಕುಟ್ಟತೊಡಗಿದರು. ಒಂದು ದಿನ ಹೋಟೆಲಿನಲ್ಲಿ ದೋಸೆ ಮುಗಿಸಿ ಚಮಚದಿಂದ ತಟ್ಟೆಯ ಅಂಚಿಗೆ ಎ, ಬಿ, ಸಿ ಬಡಿಯುತ್ತಿದ್ದರು. ಮಾಣಿ ತನ್ನನ್ನೇ ಕರೆಯುತ್ತಿದ್ದಾರೆಂದು ಇನ್ನೊಂದು ದೋಸೆ ತಂದಿಟ್ಟ. ತಂದದ್ದನ್ನು ವಾಪಸು ಕಳಿಸುವುದು ಅವರ ನಿಯಮದಲ್ಲಿಲ್ಲ. ತಿಂದರು, ಮತ್ತೆ ಬಡಿದರು. ಐದನೆಯ ದೋಸೆ ಬಂದಾಗ ಇನ್ನೂ ಎಫ್ ಅಕ್ಷರದಲ್ಲಿದ್ದರು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರಗಳಿವೆ ಎಂಬುದು ನೆನಪಾಗಿ ನಾನೇ ಅವರನ್ನು ರಟ್ಟೆ ಹಿಡಿದು ಎಬ್ಬಿಸಿದೆ.

ಪರೀಕ್ಷೆ ಪಾಸಾಯಿತು. ಲೈಸೆನ್ಸ್ ಕೊಡುವ ಮೊದಲು ಇವರು ಸಭ್ಯರೇ ಎಂದು ವಿಚಾರಿಸಲು ಪೊಲೀಸಿನವರೊಬ್ಬರು ಮನೆಗೆ ಬಂದರು. ಓಣಿಯ ಕಿಟಕಿಗಳೆಲ್ಲ ತೆರೆದುಕೊಂಡವು.

“ಏನ್ ಕೇಳ್ಯಾರಮ್ಮ ನಿಮ್ಮನೆಯೋರು?” ಎಂದರು ಪೊಲೀಸಿನವರು.

“ಮಾತಾಡಾಕ ಲೈಸೆನ್ಸ್ ಕೇಳ್ಯಾರ್ರಿ,” ಎಂದರು ಚಿಕ್ಕಮ್ಮ.

“ಮಾತಾಡಾಕ ಲೈಸೆನ್ಸ್ ಬೇಕೇನ್ರಿ?”

“ಅವ್ರಿಗೆ ಬೇಕಂತ. ನಂಗ್ ಬ್ಯಾಡ.”

ಲೈಸೆನ್ಸೂ ಬಂತು. ಬೆಂಗಳೂರಿನ ಪರಿಚಯದವರಿಂದ, ಕೈಯಲ್ಲಿ ಹಿಡಿದು ಮಾತನಾಡುವ ಒಂದು ಹಳೆಯ ರೇಡಿಯೊ ಸೆಟ್ಟೂ ಬಂತು. ಇಟ್ಟಿಗೆಯಷ್ಟು ಗಾತ್ರ, ಇಟ್ಟಿಗೆಯಷ್ಟೇ ಭಾರ. ದಿನಾ ಸಂಜೆ ಆರೂವರೆಗೆ ಚಿಕ್ಕಪ್ಪ ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿ ತಾರಸಿ ಹತ್ತುವರು. ಕಾಣದವರ ಮುಂದೆ ಯಾಕೆ ತಲೆ ಬಾಚಬೇಕು ಎಂದು ಕೇಳುವ ಧೈರ್ಯ ನಮಗಿರಲಿಲ್ಲ. ಮೊದಲು ಐದು ನಿಮಿಷ ಸುಮ್ಮನೆ ಆಲಿಸುವರು, ಬೇರೆಯವರ ಮಾತಿನ ನಡುವೆ ಬಾಯಿ ಹಾಕಬಾರದೆಂದು. ಆಮೇಲೆ ಗುಂಡಿ ಒತ್ತಿ “ಸಿಕ್ಯೂ, ಸಿಕ್ಯೂ, ಸಿಕ್ಯೂ” ಎನ್ನುವರು. ‘ಯಾರಾದರೂ ಇದ್ದೀರಾ’ ಎಂದು ಅದರ ಅರ್ಥ. ಕೊನೆಗೆ “ವಿನೋಬನಗರ, ದಾವಣಗೆರೆ, ಓವರ್.” ಓವರ್ ಎಂದರೆ ‘ನನ್ನದಾಯಿತು, ಇನ್ನು ನೀವು ಹೇಳಿ’ ಎಂದು.

ಪಕ್ಕದ ತಾರಸಿಯಲ್ಲಿ ಸಂಡಿಗೆ ತೆಗೆಯುತ್ತಿದ್ದ ಅಜ್ಜಿಗೆ ಅದು ‘ಸಿಕ್ಕೂ’ ಎಂದೇ ಕೇಳುತ್ತಿತ್ತು. “ಯಾರರ ಸಿಕ್ರೇನಪ್ಪ?”

“ಇಲ್ಲಮ್ಮ.”

“ಎಲ್ಲಿ ಕಳ್ಕೊಂಡಿದ್ರಿ?”

ತಿಂಗಳು ಕಳೆಯಿತು, ಎರಡಾಯಿತು. ಸುತ್ತಮುತ್ತ ಸೆಟ್ಟಿದ್ದವರು ಇನ್ನೊಬ್ಬರಿರಲಿಲ್ಲ. ಉತ್ತರವೆಂದು ಬಂದದ್ದು ಬರೀ ಬುಸ್ಸೆಂಬ ಸದ್ದು. ಒಂದು ಸಂಜೆ ಕೆಳಗಿಳಿದು ಬಂದವರು ಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. “ವಾಪಸ್ ಕೊಟ್ಟುಬಿಡ್ತೀನಿ. ಗ್ವಾಡಿ ಕೂಡ ಮಾತಾಡಾಕ ಇಷ್ಟೆಲ್ಲ ಯಾಕ ಬೇಕು?” ಎಂದರು. ಅವತ್ತು ಚಿಕ್ಕಮ್ಮನೂ ನಗಲಿಲ್ಲ.

ನಾಲ್ಕನೆಯ ದಿನ ಅಂಚೆಯವರು ಒಂದು ಕಾರ್ಡು ತಂದರು. ವಿಳಾಸ ಹೀಗಿತ್ತು: ‘ಸಂಜೆ ಆರೂವರೆಗೆ ಓವರ್ ಅನ್ನುವವರಿಗೆ, ವಿನೋಬನಗರ, ದಾವಣಗೆರೆ.’ ಅಂಚೆಯವರಿಗೆ ಒಂದು ಗಳಿಗೆಯೂ ಅನುಮಾನ ಬಂದಿರಲಿಲ್ಲವಂತೆ!

ಬರೆದವರು ಹರಿಹರದ ಗಡಿಯಾರ ರಿಪೇರಿಯ ರಹಮತ್ ಸಾಹೇಬರು. ಹಳೆಯ ರೇಡಿಯೊ ಸಾಮಾನು ಜೋಡಿಸಿ ಒಂದು ಪೆಟ್ಟಿಗೆ ಮಾಡಿದ್ದೇನೆ, ಅದರಲ್ಲಿ ಎರಡು ತಿಂಗಳಿಂದ ನಿಮ್ಮ ದನಿ ಬರುತ್ತಿತ್ತು, ಎರಡು ದಿನದಿಂದ ಇಲ್ಲ, ತಬಿಯತ್ತು ಹೇಗಿದೆ, ತಿಳಿಸಬೇಕು ಎಂದು ಬರೆದಿದ್ದರು.

ಚಿಕ್ಕಪ್ಪ ಅವತ್ತೇ ರಜೆ ಚೀಟಿ ಬರೆದಿಟ್ಟು ಹರಿಹರದ ಬಸ್ಸು ಹತ್ತಿದರು. ಜೊತೆಗೆ ನಾನೂ. ಅಂಗಡಿಯ ಬಾಗಿಲಲ್ಲಿ ಚಿಕ್ಕಪ್ಪ “ನಮಸ್ಕಾರ್ರಿ” ಎಂದದ್ದೇ ತಡ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ ಸಾಹೇಬರು ಎದ್ದು ನಿಂತು, “ಬರ್ರಿ, ಕೂಡ್ರಿ. ದನಿ ಕೇಳಿದ್ ಕೂಡ್ಲೆ ಗೊತ್ತಾತು,” ಎಂದರು.

“ಮತ್ತ ಯಾಕ ಜವಾಬು ಕೊಡ್ಲಿಲ್ರಿ?”

“ಹೆಂಗ್ ಕೊಡ್ಲಿ ಸಾಬ್? ನನ್ ಪೆಟ್ಟಿಗ್ಯಾಗ ಬರೀ ಕೇಳ್ಬೋದು. ಮಾತಾಡೋ ಸೆಟ್ಟೂ ನಾನೇ ಮಾಡ್ಕೊಬೋದಿತ್ತು. ಲೈಸೆನ್ಸ್ ಇಲ್ವಲ್ಲ. ಕಾನೂನು ಐತೆ.”

ಚಿಕ್ಕಪ್ಪ ಅವರ ಎರಡೂ ಕೈ ಹಿಡಿದುಕೊಂಡರು. ಜೀವನದಲ್ಲಿ ಮೊದಲ ಸಲ ಅವರಿಗೆ ತಮ್ಮಂಥವರು ಇನ್ನೊಬ್ಬರು ಸಿಕ್ಕಿದ್ದರು.

ಸೆಟ್ಟು ಬೀರುವಿನಿಂದ ಮತ್ತೆ ಹೊರಬಂತು. ಅಲ್ಲಿಂದ ಒಂದು ವರ್ಷ, ಪ್ರತಿ ಭಾನುವಾರ ಚಿಕ್ಕಪ್ಪ ಹರಿಹರಕ್ಕೆ ಹೋಗಿ ಮೋರ್ಸ್ ಪಾಠ ಹೇಳಿದರು. ಗುರುಶಿಷ್ಯರು ಗಾಜಿನ ಟೇಬಲ್ಲು ಕುಟ್ಟುವ ರಭಸಕ್ಕೆ, ನಿಂತಿದ್ದ ಎರಡು ಗಡಿಯಾರ ತಾವಾಗಿಯೇ ನಡೆಯತೊಡಗಿದವೆಂದು ಚಿಕ್ಕಮ್ಮ ಓಣಿಗೆಲ್ಲ ಹೇಳಿದರು. ಸಾಹೇಬರು ಪಾಸಾದರು. ಲೈಸೆನ್ಸು ಕೈಗೆ ಬಂದ ಮೇಲೆ ಒಂದು ಸೆಟ್ಟೂ ಹೊಂದಿಸಿಕೊಂಡರು.

ಅವತ್ತು ಸಂಜೆ ನಾವೆಲ್ಲ ತಾರಸಿಯಲ್ಲಿದ್ದೆವು. ಚಿಕ್ಕಪ್ಪ ಐದು ನಿಮಿಷ ಆಲಿಸಿ ಗುಂಡಿ ಒತ್ತಿ ಕರೆದರು. ಬುಸ್ಸೆನ್ನುವ ಸದ್ದು ಥಟ್ಟನೆ ನಿಂತಿತು.

“ದಾವಣಗೆರೆಗೆ ಹರಿಹರದಿಂದ ಸಲಾಮ್ ರಿ. ನಿಮ್ ದನಿ ಭಾಳ ಚೊಲೊ ಕೇಳ್ತೈತೆ. ಓವರ್.”

ಪಕ್ಕದ ಅಜ್ಜಿಗೂ ಸ್ಪಷ್ಟವಾಗಿ ಕೇಳಿಸಿತು. ಸಂಡಿಗೆ ಬಿಟ್ಟು ಎದ್ದು ನಿಂತರು. ಚಿಕ್ಕಪ್ಪ ಮಾತ್ರ ಸೆಟ್ಟನ್ನು ಕಿವಿಗೆ ಒತ್ತಿಕೊಂಡೇ ಇದ್ದರು.

“ಮಾತಾಡ್ರಿ, ಪಾಪ ಅವ್ರು ಕಾಯ್ತಿರ್ತಾರ,” ಎಂದರು ಚಿಕ್ಕಮ್ಮ ಮೆಲ್ಲಗೆ.

ಚಿಕ್ಕಪ್ಪ ಇಸ್ತ್ರಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಗುಂಡಿ ಒತ್ತಿದರು.

“ಸರಿಯಾಗಿ ಕೇಳ್ಸಲಿಲ್ರಿ,” ಎಂದರು. “ಇನ್ನೊಂದ್ ಸಲ ಹೇಳ್ರಿ. ಓವರ್.”