ಎರಡು ಕಿವಿಯ ಬೆಲೆ

ಯಾವುದಾದರೂ ಒಂದು ವಿಷಯದಲ್ಲಿ ತಾನು ಭಾರೀ ಬುದ್ಧಿವಂತ ಎಂಬ ನಂಬಿಕೆ ಮನುಷ್ಯನಿಗೆ ಇರಲೇಬೇಕು. ಇಲ್ಲದಿದ್ದರೆ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದಕ್ಕೇ ಉತ್ಸಾಹ ಬರುವುದಿಲ್ಲ. ನನ್ನ ನಂಬಿಕೆ ಇದ್ದದ್ದು ವ್ಯಾಪಾರದಲ್ಲಿ. ಶಿಡ್ಲಘಟ್ಟದಲ್ಲಿ ಮೂವತ್ತೈದು ವರ್ಷದಿಂದ ರೇಷ್ಮೆಗೂಡು ಕೊಂಡು ನೂಲು ತೆಗೆಯುವ ರೀಲರ್ ನಾನು. ಗೂಡು ಕೊಳ್ಳುವುದೆಂದರೆ ಮುಖ್ಯವಾಗಿ ತಪ್ಪು ಹುಡುಕುವ ಕೆಲಸ. ರೈತರು ಸುರಿದ ಗೂಡಿನ ಮುಂದೆ ನಿಂತು ಒಳಗೊಳಗೆ ಎಷ್ಟೇ ಹಿಗ್ಗಿದರೂ ಮುಖದಲ್ಲಿ ಮಾತ್ರ ಹಲ್ಲುನೋವು ಬಂದವರ ಹಾಗೆ ಇರಬೇಕು. ಆಮೇಲೆ ನಾಲ್ಕು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಳಗಿನ ಹುಳು ಲೊಟಲೊಟ ಎಂದರೆ ಗೂಡು ಚೆನ್ನಾಗಿದೆ ಎಂದರ್ಥ. ಸದ್ದಿಲ್ಲದಿದ್ದರೆ ಹುಳು ಒಳಗೇ ಸತ್ತು ಅಂಟಿಕೊಂಡಿದೆ ಎಂದು ಲೆಕ್ಕ.

ಎರಡು ವರ್ಷದ ಹಿಂದೆ ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಗೂಡುಗಳೆಲ್ಲ ಒಂದೊಂದಾಗಿ ಸದ್ದು ನಿಲ್ಲಿಸಿದವು. ನಾನು ಮೊದಲು ಹಿಪ್ಪುನೇರಳೆ ಸೊಪ್ಪನ್ನು ಬೈದೆ, ಆಮೇಲೆ ಗೊಬ್ಬರವನ್ನು, ಕೊನೆಗೆ ಕಾಲವನ್ನೇ ಬೈದೆ. ಹರಾಜು ಈಗ ಮೊಬೈಲಿನಲ್ಲಿ ಒತ್ತುವುದಾದ್ದರಿಂದ ಅಲ್ಲಿ ಯಾರ ಮಾತನ್ನೂ ಕೇಳಿಸಿಕೊಳ್ಳಬೇಕಾಗಿರಲಿಲ್ಲ. ಹಾಗಾಗಿ ನನ್ನ ಗುಟ್ಟು ಎರಡು ವರ್ಷ ನನಗೂ ಗೊತ್ತಾಗದೆ ಉಳಿದಿತ್ತು. ಅದನ್ನು ಬಯಲು ಮಾಡಿದವಳು ಮುನಿಯಮ್ಮ, ನನಗೆ ಬಹಳ ವರ್ಷದಿಂದ ಗೂಡು ತರುವ ರೈತ ಹೆಂಗಸು. ಅವಳ ಗೂಡನ್ನೂ ಅಲ್ಲಾಡಿಸಿ ನಾನು ಮುಖ ಸಿಂಡರಿಸಿದಾಗ ಅವಳು ನನ್ನ ಭುಜ ಹಿಡಿದು, ಕಿವಿಗೆ ಬಾಯಿಟ್ಟು ಹೇಳಿದಳು: "ಸಾಬ್ರೇ, ಗೂಡು ಸರಿಯಾಗೈತೆ. ನಿಮ್ ಕಿವೀನೇ ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಳ್ಳಿ."

ಚಿಕ್ಕಬಳ್ಳಾಪುರದ ಡಾಕ್ಟರರು ತೋರಿಸಿಕೊಂಡಿದ್ದಕ್ಕೆ ಸಂತೋಷಪಟ್ಟು, ಎರಡು ಕಿವಿಗೂ ಯಂತ್ರ ಬೇಕು ಎಂದರು. ಬೆಲೆಯನ್ನು ಮಾತ್ರ ಅವರು ಕಾಗದದಲ್ಲಿ ಬರೆದು ತೋರಿಸಿದ್ದರಿಂದ ಕೇಳಿಸಲಿಲ್ಲ ಎನ್ನುವ ಹಾಗಿರಲಿಲ್ಲ. ರೀಲಿಂಗ್ ಈಚೆಗೆ ಅಷ್ಟಕ್ಕಷ್ಟೇ. ಒಂದು ಕಿವಿ ಕೇಳಿಸಿದರೆ ಸಾಕು, ಇನ್ನೊಂದು ಮನೆಯ ಮಾತಿಗೆ ಹಾಗೇ ಇರಲಿ ಎಂದು ತಮಾಷೆ ಮಾಡಿದೆ. ನನ್ನ ಹೆಂಡತಿ ಶಮೀಮ್ ನಗಲಿಲ್ಲ. ಎರಡು ವರ್ಷದಿಂದ ಅವಳು ನನಗೆ ಊಟಕ್ಕೆ ಬನ್ನಿ ಎಂದು ಹೇಳುವುದೂ ಬೀದಿಗೆಲ್ಲ ಕೇಳಿಸುತ್ತಿತ್ತು. ಪಕ್ಕದ ಮನೆಯವರು ನಮ್ಮದು ದಿನಾ ಜಗಳ ಎಂದುಕೊಂಡು ಮಧ್ಯಸ್ಥಿಕೆಗೆ ಹಿರಿಯರನ್ನು ಕಳಿಸುವುದೊಂದು ಬಾಕಿ ಇತ್ತು.

ಆ ಸಂಜೆ ಅವಳು ಟ್ರಂಕಿನ ತಳದಿಂದ ಒಂದು ಬಿಸ್ಕತ್ತಿನ ಡಬ್ಬ ತೆಗೆದಳು. ಒಳಗೆ ಹಳೆಯ ನಾಣ್ಯಗಳು: ರಾಜರ ತಲೆಯಿರುವ ಬೆಳ್ಳಿಯ ರೂಪಾಯಿಗಳು, ಮೈಸೂರಿನ ಆನೆಯಿರುವ ತಾಮ್ರದ ಕಾಸುಗಳು. ನಮ್ಮ ಮದುವೆಯಲ್ಲಿ ಹಿರಿಯರು ಮದುಮಗಳ ಮುಖ ನೋಡಿ ಕೈಗಿಟ್ಟವು ಅವು. ಯಾವುದು ಯಾರು ಕೊಟ್ಟದ್ದು ಎಂದು ಅವಳಿಗೆ ಇವತ್ತಿಗೂ ನೆನಪಿದೆ. ಆನೆಯ ಕಾಸುಗಳು ಗೌರಿಬಿದನೂರಿನ ಅವಳ ನಾನಿ, ಅಂದರೆ ಅಮ್ಮನ ಅಮ್ಮ, ಸೆರಗಿನಲ್ಲಿ ಕಟ್ಟಿಕೊಂಡು ತಂದವು. ಇವನ್ನು ಮಾರಿ ಯಂತ್ರ ತರೋಣ ಎಂದಳು. ಬೇಡವೇ ಬೇಡ ಎಂದು ನಾನು ಹಟ ಹಿಡಿದೆ. ಆಗ ಅವಳು ಹೇಳಿದ್ದನ್ನು ಇಲ್ಲಿ ಕನ್ನಡಕ್ಕೆ ತರುತ್ತಿದ್ದೇನೆ. ನಮ್ಮ ಮನೆಯ ಉರ್ದುವಿನಲ್ಲಿ ಇದು ಇನ್ನೂ ಸ್ವಲ್ಪ ಖಾರವಾಗಿತ್ತು.

"ಅವರೆಲ್ಲ ನನ್ನ ಮುಖ ನೋಡಿ ಕೊಟ್ಟಿದ್ದು ಇದು. ಮುಖ ನೀವು ದಿನಾ ನೋಡ್ತೀರ. ಮಾತು ಕೇಳಿಸ್ಕೊಂಡು ಎರಡು ವರ್ಷ ಆಯ್ತು."

ಡಬ್ಬವನ್ನು ನಾನೇ ಕೈಗೆತ್ತಿಕೊಂಡೆ. ಮಾರುವುದಾದರೆ ಸರಿಯಾದ ಬೆಲೆಗೇ ಮಾರುತ್ತೇನೆ, ಬಿಡಿಗಾಸೂ ಬಿಡುವುದಿಲ್ಲ ಎಂದು ಮಾತ್ರ ಮನಸ್ಸಿನಲ್ಲೇ ಆಣೆ ಮಾಡಿದೆ. ನಮ್ಮೂರಿನ ಚಿನ್ನಬೆಳ್ಳಿ ಅಂಗಡಿಯವರು ಎಲ್ಲವನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿ ಬೆಳ್ಳಿಯ ತೂಕಕ್ಕೆ ಕೊಡುತ್ತೇವೆ ಎಂದರು; ಆನೆಗಳನ್ನು ಬದಿಗೆ ಸರಿಸಿದರು. ಆ ದುಡ್ಡಿಗೆ ಅರ್ಧ ಕಿವಿ ಬರುತ್ತಿತ್ತು. ಹಳೆಯ ನಾಣ್ಯಕ್ಕೆ ತೂಕದ ಬೆಲೆಯಲ್ಲ, ಸಂಗ್ರಹ ಮಾಡುವವರ ಬೆಲೆ ಬೇರೆ ಇದೆ, ಚಿಂತಾಮಣಿಯಲ್ಲಿ ಅಂಥ ಶೆಟ್ಟರೊಬ್ಬರಿದ್ದಾರೆ ಎಂದು ಮಗಳು ರುಕ್ಸಾನಾ ಹುಡುಕಿ ತಿಳಿಸಿದಳು. ತೊಳೆಯಬೇಡಿ, ತೊಳೆದರೆ ಬೆಲೆ ಹೋಗುತ್ತದೆ ಎಂದೂ ಎಚ್ಚರಿಸಿದಳು. ಅಷ್ಟರಲ್ಲಿ ನಾಣ್ಯ ತಿಕ್ಕಲೆಂದು ಶಮೀಮ್ ಹುಣಸೆಹಣ್ಣು ನೆನೆಹಾಕಿ ಆಗಿತ್ತು. ರಾತ್ರಿ ಅದೇ ಹುಣಸೆಹಣ್ಣಿನ ಸಾರು ಉಂಡೆವು.

ಚಿಂತಾಮಣಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ಪಾಠ ಹೇಳಿದೆ. ಕೊಳ್ಳುವವನ ವಿದ್ಯೆಯೆಲ್ಲ ನನಗೆ ಅಂಗೈಯಲ್ಲಿದೆ, ನೀನು ಬಾಯಿ ಬಿಡಬೇಡ, ಬೆಲೆಯನ್ನು ಮೊದಲು ಅವರೇ ಹೇಳಲಿ ಎಂದೆ. ಶೆಟ್ಟರ ಅಂಗಡಿ ಮುಖ್ಯರಸ್ತೆಯಲ್ಲಿತ್ತು, ಹೊರಗೆ ಬಸ್ಸುಗಳ ಗಲಾಟೆ, ತಲೆಯ ಮೇಲೆ ಹಳೆಯ ಫ್ಯಾನು. ಶೆಟ್ಟರು ತಮ್ಮ ಅಂಗಿಯ ಗುಂಡಿಗೆ ಹೇಳುವ ಹಾಗೆ ಮಾತಾಡುವ ಮೃದು ಮನುಷ್ಯರು. ಕಣ್ಣಿಗೆ ಗಾಜು ಇಟ್ಟುಕೊಂಡು ಒಂದೊಂದೇ ನಾಣ್ಯ ನೋಡಿದರು. ರಾಜನ ಮೂಗು ಸವೆದಿದೆ ಎಂದು ಬೆರಳು ತೋರಿಸಿದರು, ಆನೆಯ ಸೊಂಡಿಲಿನ ಹತ್ತಿರ ತಲೆಯಾಡಿಸಿದರು. ಅವರ ಮುಖದಲ್ಲಿ ಹಲ್ಲುನೋವು ಕಂಡಿತು. ನನಗೆ ಆನಂದವಾಯಿತು, ಇವರು ನಮ್ಮವರೇ ಎನ್ನಿಸಿತು.

ಆಮೇಲೆ ಅವರ ತುಟಿ ಅಲ್ಲಾಡಿತು. ಬೆಲೆ ಹೇಳಿದರು. ನನಗೆ ಕೇಳಿಸಲಿಲ್ಲ.

ಏನಂದ್ರಿ ಎಂದು ಕೇಳಬಹುದಾಗಿತ್ತು. ಆದರೆ ಹೆಂಡತಿಯ ಎದುರಿಗೆ, ಅಷ್ಟು ಪಾಠ ಹೇಳಿ ಕರೆತಂದಮೇಲೆ, ಕಿವಿಯ ಮೇಲೆ ಕೈಯಿಟ್ಟುಕೊಳ್ಳಲು ಮನಸ್ಸು ಬರಲಿಲ್ಲ. ರಾಜನ ಸವೆದ ಮೂಗನ್ನೇ ನೋಡುತ್ತ ಕುಳಿತೆ. ಶೆಟ್ಟರು ಮತ್ತೆ ಏನೋ ಹೇಳಿದರು. ನಾನು ಅವರ ಮುಖವನ್ನು ಒಮ್ಮೆ ನೋಡಿ, ಪುನಃ ಮೂಗಿಗೆ ಬಂದೆ. ಅವರು ಶಮೀಮಳ ಕಡೆ ತಿರುಗಿದರು. ಅವಳು ಸೆರಗು ಸರಿಮಾಡಿಕೊಂಡು ನೆಲ ನೋಡಿದಳು. ಶೆಟ್ಟರು ನಿಟ್ಟುಸಿರು ಬಿಟ್ಟು ಕ್ಯಾಲ್ಕುಲೇಟರಿನಲ್ಲಿ ಒತ್ತಿ ನನ್ನ ಮುಂದೆ ತಿರುಗಿಸಿದರು. ಪೂರ್ತಿ ಎರಡು ಕಿವಿ. ಅಭ್ಯಾಸಬಲದಿಂದ ಇನ್ನೂ ಸ್ವಲ್ಪ ಹೊತ್ತು ಯೋಚಿಸಿದವನ ಹಾಗೆ ಮಾಡಿ, ಆಗಲಿ ಎಂದು ತಲೆಯಾಡಿಸಿದೆ. ಸರಿಯಾದ ಬೆಲೆಯೇ ಎಂದು ಆಮೇಲೆ ರುಕ್ಸಾನಾ ನಾಲ್ಕು ಕಡೆ ವಿಚಾರಿಸಿ ಹೇಳಿದಳು. ಶೆಟ್ಟರು ಮೋಸಗಾರರಲ್ಲ, ಕೊಳ್ಳುವವರು. ಇವೆರಡರ ನಡುವಿನ ಅಂತರದಲ್ಲೇ ನಾನೂ ಮೂವತ್ತೈದು ವರ್ಷ ಸಂಸಾರ ತೂಗಿಸಿದ್ದೇನೆ.

ಊರಿಗೆ ಬಂದ ಮೇಲೆ ಟೀ ಅಂಗಡಿಯಲ್ಲಿ, ಮಾರುಕಟ್ಟೆಯಲ್ಲಿ, ನೆಂಟರ ಮನೆಗಳಲ್ಲಿ ಮೌನದ ಮಹಿಮೆಯನ್ನು ವಿವರಿಸುತ್ತ ಹೋದೆ. ಶೆಟ್ಟರು ಮೊದಲು ಹೇಳಿದ್ದೆಷ್ಟು ಎಂದು ಯಾರಾದರೂ ಕೇಳಿದರೆ, ಅದು ಬಾಯಲ್ಲಿ ಹೇಳೋ ಬೆಲೆಯೇ ಅಲ್ಲ ಬಿಡಿ ಎಂದು ತೇಲಿಸಿಬಿಡುತ್ತಿದ್ದೆ. ನಾಲ್ಕು ಸಲ ಹೇಳುವಷ್ಟರಲ್ಲಿ, ನಾನು ಬೇಕೆಂದೇ ಸುಮ್ಮನಿದ್ದೆ ಎಂದು ನನಗೇ ನಂಬಿಕೆ ಬಂತು.

ಯಂತ್ರ ಬಂತು. ಮೊದಲ ದಿನ ನನ್ನ ಚಪ್ಪಲಿಯ ಸದ್ದಿಗೆ ನಾನೇ ಹಿಂತಿರುಗಿ ನೋಡಿದೆ. ಮುನಿಯಮ್ಮನ ಗೂಡು ಲೊಟಲೊಟ ಎಂದಿತು. ಹಲ್ಲುನೋವಿನ ಮುಖ ಮರೆತು, ಮೊಬೈಲಿನಲ್ಲಿ ಎಲ್ಲರಿಗಿಂತ ಮೇಲೆ ಒತ್ತಿದೆ. ಆದರೆ ನನ್ನನ್ನು ಬೆರಗಾಗಿಸಿದ್ದು ಶಮೀಮಳ ಮೆಲುದನಿ. ಅವಳದು ಇಷ್ಟು ಮೆತ್ತಗಿನ ಗಂಟಲು ಎಂಬುದು ನನಗೆ ಮರೆತೇಹೋಗಿತ್ತು. ಆ ಗಂಟಲಿನಲ್ಲಿ ಎರಡು ವರ್ಷ ನನಗಾಗಿ ಕೂಗಿದ್ದಳಲ್ಲ!

ಅದೇ ಮೆಲುದನಿಯಲ್ಲಿ ಒಂದು ಮಧ್ಯಾಹ್ನ ಅವಳು ಅಡುಗೆಮನೆಯಿಂದ ರುಕ್ಸಾನಾಳಿಗೆ ಫೋನಿನಲ್ಲಿ ಹೇಳುತ್ತಿದ್ದಳು. "ಶೆಟ್ರು ಮೊದ್ಲು ಹೇಳಿದ್ದು ಒಂದೇ ಕಿವಿಗೆ ಆಗೋಷ್ಟು. ಆಯ್ತು ಅನ್ನೋಣ ಅಂತ ನಿಮ್ಮಪ್ಪನ ಮುಖ ನೋಡಿದ್ರೆ, ಅವರಿಗೆ ಕೇಳಿಸೇ ಇಲ್ಲ. ನಾನು ಬಾಯಿ ಬಿಟ್ರೆ ಗೊತ್ತಾಗೋಗತ್ತೆ ಅಂತ ಸುಮ್ನಾದೆ. ನೀನು ಹೇಳ್ಬೇಡ ಕಣಮ್ಮ. ಪಾಪ, ಖುಷಿಯಾಗಿದ್ದಾರೆ."

ಹೊರಗೆ ನಿಂತಿದ್ದ ನನಗೆ ಮೊದಲು ನಾಚಿಕೆಯಾಯಿತು, ಆಮೇಲೆ ಕಣ್ಣು ತುಂಬಿತು. ಶೆಟ್ಟರ ಅಂಗಡಿಯಲ್ಲಿ ಸುಮ್ಮನೆ ಕುಳಿತು ಬೆಲೆ ಏರಿಸಿದ ಜಾಣ ನಾನಾಗಿರಲಿಲ್ಲ. ಕೇಳಿಸಿಯೂ ಸುಮ್ಮನಿದ್ದವಳು ಅವಳು. ನನಗೆ ಗೊತ್ತಾಯಿತೆಂದು ಅವಳಿಗೆ ಗೊತ್ತಾಗದಿರಲಿ ಎಂದು ನಾನೂ ತೆಪ್ಪಗಾದೆ. ಶಮೀಮ್ ಓದಿದ್ದು ಉರ್ದು ಶಾಲೆಯಲ್ಲಿ, ಕನ್ನಡವನ್ನು ಅರಳು ಹುರಿದಂತೆ ಆಡಿದರೂ ಓದಲು ಬಾರದು. ಆ ಧೈರ್ಯದಿಂದಲೇ ಇದನ್ನೆಲ್ಲ ಬರೆಯಲು ಕುಳಿತವನು ನಾನು. ಅರ್ಧ ಬರೆದಿದ್ದಾಗ, ಕಳೆದ ಶುಕ್ರವಾರ, ಅವಳ ತಮ್ಮ ಮನೆಗೆ ಬಂದ. ಭಾವ, ಆ ನಾಣ್ಯದ ಕತೆ ಹೇಳಿ ಎಂದ. ಹೇಳಿದೆ. ಶೆಟ್ರು ಮೊದ್ಲು ಹೇಳಿದ್ದೆಷ್ಟು ಎಂದ. ಮಾತಿನ ಭರದಲ್ಲಿದ್ದ ನಾನು, "ಒಂದು ಕಿವಿಗೆ ಆಗೋಷ್ಟು" ಎಂದುಬಿಟ್ಟೆ.

ಚಹಾದ ತಟ್ಟೆ ಹಿಡಿದಿದ್ದ ಶಮೀಮಳ ಕೈ ನಿಂತಿತು. ನನ್ನ ಲೋಟ ಇಡಲು ಬಗ್ಗಿದವಳು, ಎರಡು ಯಂತ್ರ ಇರುವವರಿಗಷ್ಟೇ ಕೇಳಿಸುವ ದನಿಯಲ್ಲಿ, "ಕೇಳಿಸ್ಕೊಂಡ್ರಾ?" ಎಂದಳು.

ನಾನು ಲೋಟದೊಳಗಿನ ಚಹಾವನ್ನೇ ನೋಡುತ್ತ, ಏನೂ ಕೇಳಿಸದವನ ಹಾಗೆ ಕುಳಿತೆ.